ನಿನ್ನ ಬಗ್ಗೆ ಹೇಳು ಅಂದಾಗ

ಅಕ್ಕನ ಮಗಳು ಮೊನ್ನೆ ಯೂನಿವರ್ಸಿಟಿಯಿಂದ ವಾಪಸ್ ಬಂದಳು. ಮನಃಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕು ಅಂತ ಅರ್ಜಿ ಹಾಕಿದ್ದಳು, ಇಂಟರ್‌ವ್ಯೂ ಇತ್ತು. ಅವಳ ಹೆಸರು ಬೇಡ, ಯೂನಿವರ್ಸಿಟಿಯ ಹೆಸರೂ ಬೇಡ. ಜಾವಗಲ್ ಬಸ್ ಸ್ಟಾಂಡಿನಲ್ಲಿ ಇಳಿದವಳು ಮನೆಗೂ ಹೋಗದೆ ನನ್ನ ಹತ್ತಿರ ಬಂದು, ಚೀಲ ಜಗಲಿ ಮೇಲೆ ಇಟ್ಟು ಕೇಳಿದಳು: "ಮಾವ, ನಿನ್ನ ಬಗ್ಗೆ ಹೇಳು ಅಂದ್ರು. ಏನ್ ಹೇಳ್ಬೇಕಿತ್ತು ನಾನು?"

ನಾನು ಹೈಸ್ಕೂಲ್ ಮೇಷ್ಟ್ರಾಗಿ ರಿಟೈರಾದವನು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಹಾಕಿದ್ದೇನೆ. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಯೋಚಿಸಿದಷ್ಟೂ ಇದು ಪಾಸಾಗುವ ಉಪಾಯದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ ಅನ್ನಿಸುತ್ತಿದೆ. ಬಲ ಇದ್ದವನು ಮೇಜಿನ ಆಚೆ ಕೂತು, ಬಲ ಇಲ್ಲದವಳನ್ನು ಈಚೆ ಕೂರಿಸಿ, 'ನಿಜ ಹೇಳು, ನೀನ್ಯಾರು?' ಅಂದರೆ ಅವಳು ನಿಜ ಹೇಳಲೇಬೇಕಾ? ಹೇಳದಿದ್ದರೆ ಅದು ಸುಳ್ಳಾ? ಹೇಳಿದರೆ ಅದು ನಿಜವಾಗಿಯೇ ಉಳಿಯುತ್ತದಾ?

ಒಳಗೆ ನಡೆದದ್ದು ಇಷ್ಟು. ಮೂವರು ಕೂತಿದ್ದರು. ಯಾವ ಊರು? ಜಾವಗಲ್. "ಓಹೋ, ಶ್ರೀನಾಥ್ ಊರು!" ಅಂತ ಒಬ್ಬರು ನಕ್ಕರು. ಕ್ರಿಕೆಟ್ಟಿನ ಪುಣ್ಯದಿಂದ ನಮ್ಮೂರಿಗೆ ಇಷ್ಟಾದರೂ ಮರ್ಯಾದೆ. ತಂದೆ ಏನು ಮಾಡ್ತಾರೆ? ಕಾಯಿ ಸುಲಿಯೋ ಕೆಲಸ. ಆ ಮೇಲೆ ಒಂದು ಗಳಿಗೆ ಮೌನ. ಆ ಮೌನದ ಅರ್ಥ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ: ನಿನ್ನ ಬಗ್ಗೆ ಹೇಳು, ಮನಃಶಾಸ್ತ್ರವೇ ಯಾಕೆ? ಇವಳು ಪುಸ್ತಕದಲ್ಲಿ ಓದಿದ್ದ ನಾಲ್ಕು ವಾಕ್ಯ ಒಪ್ಪಿಸಿದಳು. ಎರಡು ತಿಂಗಳು ಕೂತು ಬರೆದ ಸಂಶೋಧನಾ ಪ್ರಸ್ತಾವ ಮೇಜಿನ ಮೇಲೆ ಮುಚ್ಚಿಕೊಂಡೇ ಇತ್ತು. ನಾಲ್ಕು ನಿಮಿಷ. ಥ್ಯಾಂಕ್ಯೂ, ಹೋಗಬಹುದು.

ಅವಳು ಹೇಳದೆ ಬಿಟ್ಟ ನಿಜ ಅವಳ ಅಜ್ಜಿಯದು. ಅಂದರೆ ನನ್ನವ್ವನದು.

ನನ್ನ ಕೊನೇ ತಮ್ಮ ವಾಂತಿಭೇದಿಯಲ್ಲಿ ಸತ್ತ ಮೇಲೆ ಅವ್ವ ಒಬ್ಬಳೇ ಮಾತಾಡತೊಡಗಿದಳು. ರಾತ್ರಿ ಎದ್ದು ಕೆರೆ ಏರಿ ಮೇಲೆ ಓಡಾಡುತ್ತಿದ್ದಳು. ಗಾಳಿ ಸೋಕಿದೆ ಅಂದರು ಕೇರಿಯಲ್ಲಿ. ತಾಯಿತ ಕಟ್ಟಿಸಿದೆವು, ಹರಕೆ ಹೊತ್ತೆವು, ಊರಿನ ದರ್ಗಾಕ್ಕೆ ಕರೆದುಕೊಂಡು ಹೋದೆವು. ನಿಜ ಹೇಳಬೇಕೆಂದರೆ ಅಲ್ಲಿ ಒಂದೆರಡು ರಾತ್ರಿ ಅವ್ವ ನೆಮ್ಮದಿಯಾಗಿ ಮಲಗಿದ್ದಳು. ವರ್ಷ ಕಳೆದ ಮೇಲೆ ಅಪ್ಪ ಸಾಲ ಮಾಡಿ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದ. ನಾನೂ ಜೊತೆಗಿದ್ದೆ, ಚಡ್ಡಿ ಹಾಕುವ ವಯಸ್ಸು. ಡಾಕ್ಟರು ಕೇಳಿದರು: ನಿದ್ದೆ ಬರುತ್ತೇನಮ್ಮ? "ಬತ್ತದೆ ಬುದ್ಧಿ." ಊಟ ಸೇರುತ್ತಾ? "ಸೇರ್ತದೆ ಬುದ್ಧಿ." ಏನಾದರೂ ತೊಂದರೆ? "ಎಲ್ಲ ಚೆನ್ನಾಗೈತೆ ಬುದ್ಧಿ." ಮೇಲಿನವರು ಕೇಳಿದಾಗ ಎಲ್ಲ ಚೆನ್ನಾಗಿದೆ ಅನ್ನಬೇಕು ಅಂತ ಅವ್ವನಿಗೆ ಅವಳವ್ವ ಕಲಿಸಿದ್ದಳು. ಅವಳಿಗೆ ಅವಳವ್ವ. ಡಾಕ್ಟರು ತೊಂದರೆ ಇಲ್ಲ ಅಂತ ಚೀಟಿಯಲ್ಲಿ ಬರೆದು ಕೆಂಪು ಟಾನಿಕ್ಕು ಕೊಟ್ಟು ಕಳಿಸಿದರು.

ನಮ್ಮ ಹುಡುಗಿಯ ಸಂಶೋಧನೆಯ ವಿಷಯ ಇದೇ. ಕೇರಿಯ ಹೆಂಗಸು ಮನಸ್ಸಿನ ಕಾಯಿಲೆಯನ್ನು ಮೇಲಿನವರ ಮುಂದೆ ಯಾವ ಮಾತಿನಲ್ಲಿ ಹೇಳುತ್ತಾಳೆ, ಯಾವುದನ್ನು ಹೇಳುವುದಿಲ್ಲ, ಪ್ರಶ್ನಾವಳಿಯ 'ಹೌದು-ಇಲ್ಲ' ಖಾನೆಗಳಲ್ಲಿ ಅವಳ ಯಾವ ಮಾತು ಕಳೆದುಹೋಗುತ್ತದೆ. ಈ ಪ್ರಶ್ನೆ ಹೊತ್ತು ಹೋದವಳು ಮೂರು ಜನರ ಎದುರು ಕೂತು ಏನು ಮಾಡಿದಳು? ಎಲ್ಲ ಚೆನ್ನಾಗೈತೆ ಬುದ್ಧಿ ಅಂದಳು. ಇಂಗ್ಲಿಷಿನಲ್ಲಿ ಅಂದಳು, ಅಷ್ಟೇ ವ್ಯತ್ಯಾಸ.

ಇಂಟರ್‌ವ್ಯೂ ಅನ್ನುವುದು ಇವತ್ತು ಹುಟ್ಟಿದ ರೋಗವಲ್ಲ. ನಮ್ಮ ಮೈಸೂರು ರಾಜ್ಯದ್ದೇ ಚಿತ್ರಲೇಖಾ ಮೊಕದ್ದಮೆಯಲ್ಲಿ, 1964ರಲ್ಲಿ, ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಸೀಟುಗಳಿಗೆ ಇಂಟರ್‌ವ್ಯೂ ಅಂಕ ಸೇರಿಸುವುದನ್ನು ಸುಪ್ರೀಂ ಕೋರ್ಟು ಒಪ್ಪಿಕೊಂಡಿತು. ಹದಿನಾರು ವರ್ಷದ ಮೇಲೆ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ ಅದೇ ಕೋರ್ಟು ಬೇರೆ ಮಾತಾಡಿತು. ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತಕ್ಕೆ 100, ಮೌಖಿಕಕ್ಕೆ 50 ಅಂಕ. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ. ಕೇಳಿದ್ದು ಅಪ್ಪ ಯಾರು, ಮನೆ ಎಲ್ಲಿ ಅಂತ. ಮೌಖಿಕಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಇಡುವುದು ಮನಸ್ವೀ ಕ್ರಮ ಅಂದರು ನ್ಯಾಯಮೂರ್ತಿ ಭಗವತಿ. ಸಂದರ್ಶನವನ್ನು ಟೇಪ್ ಮಾಡಿದರೆ ಒಳ್ಳೆಯದು ಅಂತಲೂ ಹೇಳಿದರು. ಅದು ಇಂಜಿನಿಯರಿಂಗ್ ಪ್ರವೇಶ, ಡಾಕ್ಟರೇಟು ಬೇರೆ ಅನ್ನುತ್ತಾರೆ. ಬೇರೆಯೇ ಇರಲಿ. ಅಪ್ಪ ಯಾರು ಅನ್ನೋ ಪ್ರಶ್ನೆ ಬೇರೆಯಾಯಿತಾ?

ಡಾಕ್ಟರೇಟಿನ ಕತೆ ನೋಡಿ. ಜೆ.ಎನ್.ಯು.ನಲ್ಲಿ ಅಬ್ದುಲ್ ನಫೆ ಸಮಿತಿ 2016ರಲ್ಲಿ ಲಿಖಿತದ ಅಂಕಕ್ಕೂ ಮೌಖಿಕದ ಅಂಕಕ್ಕೂ ಇರುವ ಅಂತರವನ್ನು ವರ್ಗವಾರು ನೋಡಿ, ಇದರಲ್ಲಿ ತಾರತಮ್ಯದ ಜಾಡು ಇದೆ ಅಂತ ಹೇಳಿತು. ಮೌಖಿಕವನ್ನು 30ರಿಂದ 15ಕ್ಕೆ ಇಳಿಸಿ ಅಂದಿತು. ಅದೇ ವರ್ಷ ಯುಜಿಸಿ ತಂದ ನಿಯಮ ಏನು? ಲಿಖಿತ ಪರೀಕ್ಷೆ ಬರೀ ಬಾಗಿಲು ದಾಟಲಿಕ್ಕೆ, ಆಯ್ಕೆಯೆಲ್ಲ ಮೌಖಿಕದ ಮೇಲೆ! ವಿದ್ಯಾರ್ಥಿಗಳು ಬೀದಿಗಿಳಿದರು. 2018ರ ತಿದ್ದುಪಡಿಯಲ್ಲಿ 70–30 ಆಯಿತು, 2022ರ ನಿಯಮದಲ್ಲೂ ಹಾಗೇ ಉಳಿಯಿತು. 2024ರಿಂದ ನೆಟ್ ಪರೀಕ್ಷೆಯ ಅಂಕವನ್ನೇ ಆ 70ಕ್ಕೆ ಹಿಡಿಯಿರಿ ಅಂದರು, ಜೆ.ಆರ್.ಎಫ್. ಬಂದವರಿಗಂತೂ ಇಂಟರ್‌ವ್ಯೂ ಒಂದೇ.

30 ಅಂದರೆ ಸಣ್ಣದಲ್ಲವಾ ಅನ್ನಬಹುದು. ಲೆಕ್ಕ ಹಾಕಿ. ಲಿಖಿತದಲ್ಲಿ ನಮ್ಮ ಹುಡುಗಿಗೆ ನೂರಕ್ಕೆ 62, ಇನ್ನೊಬ್ಬನಿಗೆ 54 ಅಂದುಕೊಳ್ಳಿ. ಎಂಟು ಅಂಕ ಮುಂದೆ. 70ಕ್ಕೆ ಇಳಿಸಿದಾಗ ಆ ಎಂಟು 5.6 ಆಗುತ್ತದೆ. ಮೌಖಿಕದ ಮೂವತ್ತರಲ್ಲಿ ಅವನಿಗೆ 18, ಇವಳಿಗೆ 12 ಹಾಕಿದರೆ ಮುಗೀತು. ವರ್ಷಗಟ್ಟಲೆ ಬುಡ್ಡಿದೀಪದ ಹಂಗೆ ಉರಿದು ಓದಿದ್ದನ್ನು ಆರು ಅಂಕ ಊದಿ ಆರಿಸುತ್ತದೆ. ಯಾಕೆ 12 ಅಂತ ಯಾರೂ ಬರೆದಿಡಬೇಕಾಗಿಲ್ಲ.

ಇದರಲ್ಲಿ ನನಗೆ ನಗು ಬರುವ ವಿಷಯ ಒಂದಿದೆ. ಇಂಟರ್‌ವ್ಯೂ ಎಷ್ಟು ಕುರುಡು ಅಂತ ಲೋಕಕ್ಕೆ ತೋರಿಸಿಕೊಟ್ಟ ಶಾಸ್ತ್ರವೇ ಮನಃಶಾಸ್ತ್ರ. ಥಾರ್ನ್‌ಡೈಕ್ 1920ರಲ್ಲೇ ಬರೆದ: ಸೈನ್ಯದ ಅಧಿಕಾರಿಗಳಿಗೆ ಕೈಕೆಳಗಿನವರ ಮೈಕಟ್ಟು, ಬುದ್ಧಿ, ಮುಂದಾಳುತನ, ನಡತೆ ಎಲ್ಲಕ್ಕೂ ಬೇರೆ ಬೇರೆ ಅಂಕ ಕೊಡಿ ಅಂದರೆ, ಒಂದರಲ್ಲಿ ಮೆಚ್ಚಿದವನಿಗೆ ಎಲ್ಲದರಲ್ಲೂ ಜಾಸ್ತಿ ಕೊಡುತ್ತಾರೆ. ಅವನು ಅದಕ್ಕೆ ಇಟ್ಟ ಹೆಸರು ನಮ್ಮ ಮಾತಿನಲ್ಲಿ ಪ್ರಭಾವಳಿ. ದೇವರ ಹಿಂದೆ ಇಟ್ಟಿರ್ತಾರಲ್ಲ, ಅದೇ. ಕೆಲವರು ಹುಟ್ಟುವಾಗಲೇ ಬೆನ್ನಿಗೆ ಪ್ರಭಾವಳಿ ಕಟ್ಟಿಕೊಂಡು ಬರುತ್ತಾರೆ. ನಮ್ಮ ಮಕ್ಕಳ ಬೆನ್ನ ಹಿಂದೆ ಕಾಣುವುದು ಕೇರಿ.

ಇನ್ನೊಂದು ಪ್ರಯೋಗ ಅಮೆರಿಕದ್ದು, 1974ರಲ್ಲಿ ಪ್ರಕಟವಾದದ್ದು. ವರ್ಡ್, ಝನ್ನಾ, ಕೂಪರ್ ಅನ್ನುವ ಮೂವರು ಮಾಡಿದ್ದು. ಬಿಳಿಯರು ಕರಿಯ ಹುಡುಗರನ್ನು ಸಂದರ್ಶನ ಮಾಡುವಾಗ ಕುರ್ಚಿ ಸ್ವಲ್ಪ ದೂರ ಹಾಕಿಕೊಳ್ಳುತ್ತಿದ್ದರು, ಮಾತು ತಡವರಿಸುತ್ತಿದ್ದರು, ಬೇಗ ಮುಗಿಸುತ್ತಿದ್ದರು. ಇಲ್ಲಿಗೇ ನಿಲ್ಲಲಿಲ್ಲ. ಆಮೇಲೆ ಬಿಳಿಯ ಹುಡುಗರನ್ನೇ ಕೂರಿಸಿ, ಅವರೊಂದಿಗೆ ಹಾಗೇ ದೂರ ಕೂತು, ತಡವರಿಸಿ, ಬೇಗ ಮುಗಿಸಿದರು. ಏನಾಯಿತು? ಬಿಳಿಯ ಹುಡುಗರೂ ತೊದಲಿದರು, ಅಧೈರ್ಯಗೊಂಡರು, ಯೋಗ್ಯತೆ ಕಮ್ಮಿ ಅಂತ ಅನ್ನಿಸಿಕೊಂಡರು. ತೊದಲು ಹುಡುಗರ ನಾಲಗೆಯಲ್ಲಿ ಇರಲಿಲ್ಲ, ಎದುರಿನ ಕುರ್ಚಿಯಲ್ಲಿ ಇತ್ತು. ಈ ಪ್ರಯೋಗ ಓದಿದ ಜನ ಇಂಟರ್‌ವ್ಯೂ ಕೋಣೆಗೆ ಹೋಗುವಾಗ ಅದನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಹೋಗುತ್ತಾರಾ?

ಕನ್ನಡದಲ್ಲಿ ಉತ್ತರ ಹೇಳಲಾ ಅಂತ ಕೇಳಬೇಕು ಅನ್ನಿಸಿತ್ತಂತೆ ಅವಳಿಗೆ. ಧೈರ್ಯ ಬರಲಿಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರ ಕೈಯಲ್ಲಿ. ಅದೇ ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ನಡೆಸಿದರು. ಡಾ. ಎಂ. ಶಿವರಾಂ ಮನಸ್ಸಿನ ಬಗ್ಗೆ ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1976ರಲ್ಲಿ. ಈ ಶಾಸ್ತ್ರ ಕನ್ನಡದಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗಿ ಇಷ್ಟು ವರ್ಷವಾಯಿತು. ಹುಡುಗಿ ಮಾತ್ರ ನಿಲ್ಲಬಾರದು.

ನಮ್ಮಲ್ಲೇ ಇಬ್ಬರು ಗೆಳೆಯರು ಎರಡು ಮಾತಾಡಿದರು. ಒಬ್ಬ ಸಂಘದ ಹಳೆಯ ಒಡನಾಡಿ. "ಎದ್ ನಿಂತು ಹೇಳ್ಬೇಕಿತ್ತು ಕಣಯ್ಯ, ನಾನು ಹೊಲಗೇರಿ ಹುಡುಗಿ, ನಮ್ಮಜ್ಜಿ ಕತೆ ಕೇಳ್ರಿ ಅಂತ. ಮುಚ್ಚಿಟ್ಟುಕೊಳ್ಳೋದು ಗುಲಾಮಗಿರಿ." ಇನ್ನೊಬ್ಬ ಬೆಂಗಳೂರಿನಲ್ಲಿ ಆಫೀಸರು. "ಅವರಿಗೆ ಬೇಕಾದ್ದನ್ನ ಕೊಟ್ಟು ಒಳಗೆ ಹೋಗ್ಲಿ, ಆಮೇಲೆ ನೋಡ್ಕೊಳ್ಳೋಣ."

ಹಳೆಯ ಒಡನಾಡಿಯ ಕೆಚ್ಚಿಗೆ ನಾನು ಇವತ್ತೂ ಕೈ ಮುಗೀತೀನಿ. ಆದರೆ ಅವನು ಹೇಳಿದ ಹಾಗೆ ಮಾಡಿದ್ದರೆ? ನನ್ನವ್ವ ಕೆರೆ ಏರಿ ಮೇಲೆ ಓಡಾಡಿದ್ದು ಆ ಮೇಜಿನ ಮೇಲೆ ಒಂದು ಸರಕಾಗುತ್ತಿತ್ತು. ಯಾರಿಗೋ ಅಯ್ಯೋ ಅನ್ನಿಸಿ ಎರಡು ಅಂಕ ಜಾಸ್ತಿ ಬಿದ್ದಿರಬಹುದು, ಇಲ್ಲವೇ 'ತೀರಾ ಭಾವುಕಳು, ವಸ್ತುನಿಷ್ಠೆ ಇಲ್ಲ' ಅಂತ ಎರಡು ಕಮ್ಮಿ. ಎರಡೂ ಅವಮಾನವೇ. ಕೋರ್ಟಿನಲ್ಲಿ ಸಾಕ್ಷಿ ನಿಜ ಹೇಳಬೇಕು, ಒಪ್ಪುತ್ತೇನೆ. ಅಲ್ಲಿ ಮಾತು ದಾಖಲಾಗುತ್ತದೆ, ಮೇಲಿನ ಕೋರ್ಟು ಇದೆ. ಇಲ್ಲಿ ಏನಿದೆ? ದಾಖಲೆ ಇಲ್ಲದ, ಕಾರಣ ಹೇಳದ, ಮೇಲ್ಮನವಿ ಇಲ್ಲದ ನಾಲ್ಕು ನಿಮಿಷ. ಅಂಥ ಕಡೆ ಎದೆ ಬಿಚ್ಚುವ ಸಾಲ ಯಾರ ಮೇಲೂ ಇಲ್ಲ. ಅಲ್ಲಿ ಸುಮ್ಮನಿದ್ದವಳು ಸುಳ್ಳಿಯಲ್ಲ.

ಆದರೆ ನನ್ನ ಮಾತು ನನಗೇ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಅವ್ವನೂ ಸುಮ್ಮನಿದ್ದಳು. ಅದೂ ಸುಳ್ಳಲ್ಲ, ತನ್ನನ್ನು ಉಳಿಸಿಕೊಳ್ಳುವ ದಾರಿ. ಅದರಿಂದ ಅವಳ ಮಾನ ಉಳಿಯಿತು, ಕಾಯಿಲೆಯೂ ಉಳಿಯಿತು.

ಮೇಮಿ ಕ್ಲಾರ್ಕ್ ಅನ್ನುವ ಕರಿಯ ಹೆಣ್ಣುಮಗಳು ಕೊಲಂಬಿಯಾದಲ್ಲಿ 1943ರಲ್ಲಿ ಮನಃಶಾಸ್ತ್ರದ ಡಾಕ್ಟರೇಟು ಪಡೆದಳು. ಅಂಬೇಡ್ಕರ್ ಓದಿದ ಅದೇ ಕೊಲಂಬಿಯಾ. ಅವಳ ಗೈಡು ಹೆನ್ರಿ ಗ್ಯಾರೆಟ್, ಕರಿಯರನ್ನು ಬೇರೆ ಇಡಬೇಕು ಅನ್ನುವ ಮನುಷ್ಯ. ಕರಿಯ ಮಕ್ಕಳ ಮುಂದೆ ಬಿಳಿ ಬೊಂಬೆ, ಕಂದು ಬೊಂಬೆ ಇಟ್ಟು ಯಾವುದು ಚೆಂದ ಅಂತ ಕೇಳಿದ ಪ್ರಯೋಗ ಮೇಮಿ ಮತ್ತು ಅವಳ ಗಂಡ ಕೆನೆತ್ ಇಬ್ಬರದು. 1952ರಲ್ಲಿ ವರ್ಜೀನಿಯಾದ ಶಾಲಾ ಮೊಕದ್ದಮೆಯಲ್ಲಿ ಗ್ಯಾರೆಟ್ ಪ್ರತ್ಯೇಕತೆಯ ಪರ ಸಾಕ್ಷಿ ಹೇಳಿದ, ಶಿಷ್ಯೆ ಅದರ ವಿರುದ್ಧ ಹೇಳಿದಳು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶಾಲೆಗಳ ಪ್ರತ್ಯೇಕತೆಯನ್ನು ತೆಗೆದುಹಾಕಿತು. ಗ್ಯಾರೆಟ್ಟನ ಕೋಣೆಯಲ್ಲಿ ಅವಳು ಎಷ್ಟು ಮಾತು ನುಂಗಿದಳೋ. ನುಂಗಿದ್ದನ್ನು ಎಲ್ಲಿ ಹೇಳಬೇಕೋ ಅಲ್ಲಿ ಹೇಳಿದಳು. ಬೆಂಗಳೂರಿನ ಗೆಳೆಯ ಇದನ್ನು ತನ್ನ ಮಾತಿಗೇ ಸಾಕ್ಷಿ ಅಂದಾನು. ಆಮೇಲೆ ನೋಡಿಕೊಳ್ಳೋಣ ಅಂದವರಲ್ಲಿ ನೋಡಿಕೊಂಡವರು ಎಷ್ಟು ಜನ ಅಂತ ಅವನನ್ನೇ ಕೇಳಬೇಕು.

ಮನುಷ್ಯರ ಜೊತೆ ಮಾತಾಡುವ ವಿದ್ಯೆ ಇದು, ಮಾತಾಡಿಸಿ ನೋಡಬಾರದೇನ್ರಿ ಅಂತ ಮೇಷ್ಟ್ರುಗಳು ಕೇಳಬಹುದು. ಮಾತಾಡಿಸಿ. ಅವಳು ಬರೆದುಕೊಂಡು ಬಂದ ಪ್ರಸ್ತಾವ ಬಿಚ್ಚಿ ಮಾತಾಡಿಸಿ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಪಕ್ಕದವರ ಮುಖ ನೋಡುವ ಮೊದಲು ಅಂಕ ಬರೆಯಿರಿ, ಯಾಕೆ ಅಷ್ಟು ಅಂತ ಒಂದು ಸಾಲು ಬರೆಯಿರಿ. ಟೇಪಿನ ವಿಷಯ ಕೋರ್ಟು ಹೇಳಿ ನಲವತ್ತು ವರ್ಷ ದಾಟಿತು. ಈಗ ಪ್ರತಿ ಜೇಬಿನಲ್ಲೂ ಟೇಪಿದೆ.

ಹುಡುಗಿ ಬೇರೆ ಕಡೆ ಅರ್ಜಿ ಹಾಕುತ್ತಿದ್ದಾಳೆ. ಮೊದಲು ಗೈಡು ಸಿಗಬೇಕು. ಪ್ರೊಫೆಸರಿಗೆ ಎಂಟು, ಅಸೋಸಿಯೇಟಿಗೆ ಆರು, ಅಸಿಸ್ಟೆಂಟಿಗೆ ನಾಲ್ಕು ವಿದ್ಯಾರ್ಥಿಗಳು ಅಂತ ಮಿತಿ ಇದೆ, ಖಾಲಿ ಇರುವವರನ್ನು ಹುಡುಕಬೇಕು. ಆರು ಜನಕ್ಕೆ ಬರೆದಿದ್ದಾಳೆ. ಅರಸೀಕೆರೆಗೆ ಹೋಗಿ ಪ್ರಿಂಟ್ ಹಾಕಿಸಿಕೊಂಡು ಬಂದವಳು ಈ ಸಲ ನನ್ನ ಹತ್ತಿರ ಬರಲಿಲ್ಲ, ಸೀದಾ ಅವ್ವನ ಹತ್ತಿರ ಹೋದಳು. ಅವ್ವನಿಗೆ ಎಂಬತ್ತು ದಾಟಿದೆ, ಕಿವಿ ಮಂದ, ನೆನಪು ಚುರುಕು.

"ಅಜ್ಜಿ, ನಿನ್ ಕತೆ ಬರೀಲಾ? ಹೆಸ್ರು ಹಾಕಲ್ಲ."

ಅವ್ವ ಎಲೆ ಅಡಿಕೆ ಜಗಿಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬರ್ಕೊ. ಅವತ್ತು ಆ ಡಾಕ್ಟ್ರಪ್ಪ ನಿದ್ದೆ ಬತ್ತದೆ ಅಂತ ಬರ್ಕಂಡ ಅಲ್ವಾ. ಬತ್ತಿರ್ಲಿಲ್ಲ ಅಂತ ಬರಿ."

ಕೊನೇ ದಿನಕ್ಕೆ ಇನ್ನು ಹನ್ನೊಂದು ದಿನ ಇದೆ. ಆರು ಜನರಲ್ಲಿ ಒಬ್ಬರ ಉತ್ತರ ಬಂದಿದೆ.