ಗಾಲಿಯ ಕೆಳಗಿನ ಜೀವ ಮತ್ತು ಸರಕಿನ ಒಡೆಯನ ಹೊಣೆ

ಹಿಂಸೆಗೆ ಮೂಲ ಪ್ರಮಾದವೆಂಬುದು ಜೈನಾಚಾರ್ಯರ ದೃಢವಾದ ನಿಲುವು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವನ್ನಷ್ಟೇ ಹೇಳದೆ, ಅದರ ಹಿಂದಿರುವ ಪ್ರಮಾದವನ್ನೂ ಹೆಸರಿಸುತ್ತದೆ. ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯವು, ಎಚ್ಚರದಿಂದ ನಡೆಯುವವನಿಂದ ಅಕಸ್ಮಾತ್ತಾಗಿ ಜೀವಿಯೊಂದು ಸತ್ತರೂ ಅವನಿಗೆ ಹಿಂಸಾದೋಷವಿಲ್ಲವೆಂದೂ, ಎಚ್ಚರಗೇಡಿಗೆ ಯಾವ ಜೀವಿಯೂ ಸಾಯದಿದ್ದರೂ ದೋಷವುಂಟೆಂದೂ ನಿರ್ಣಯಿಸುತ್ತದೆ. ಮುನಿಗಳು ನೆಲವನ್ನು ನೋಡಿ ನಡೆಯುವ ಈರ್ಯಾಸಮಿತಿಯು ಈ ತತ್ತ್ವದ ಆಚರಣೆಯೇ ಆಗಿದೆ. ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುವ ಶ್ರಾವಕನು, ತನ್ನ ಸರಕನ್ನು ಹೊತ್ತ ಲಾರಿಯು ನಗರದ ತಿರುವಿನಲ್ಲಿ ಸೈಕಲ್ ಸವಾರನನ್ನು ಕಾಣುವುದೇ ಎಂದು ವಿಚಾರಿಸಬೇಕಾಗಿದೆ.

ಅಪಾಯದ ಸ್ವರೂಪ ಹೀಗಿದೆ. ನಮ್ಮ ದೇಶದಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುತ್ತವೆ. ಚಾಲಕನು ಬಲಗಡೆ, ಎತ್ತರದಲ್ಲಿ ಕುಳಿತಿರುತ್ತಾನೆ. ಲಾರಿಯ ಎಡ ಬಾಗಿಲಿನ ಕೆಳಗೆ ನಿಂತ ಸವಾರನು ಅವನ ಕಣ್ಣಿಗೆ ಬೀಳದೆ ಹೋಗಬಹುದು. ಸಿಗ್ನಲ್ ಬಿಟ್ಟು ಲಾರಿ ಎಡಕ್ಕೆ ತಿರುಗಿದಾಗ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡಿನಲ್ಲಿ ಬಾರದೆ ಇನ್ನಷ್ಟು ಒಳಬದಿಗೆ ಸರಿಯುತ್ತವೆ. ಆಗ ರಸ್ತೆಯಂಚಿನ ಕಲ್ಲಿಗೂ ಗಾಲಿಗೂ ನಡುವೆ ಸವಾರನಿಗೆ ಜಾಗವೇ ಉಳಿಯದು. ಲಾರಿಯ ವೇಗ ಎಷ್ಟೇ ಕಡಿಮೆಯಿದ್ದರೂ ಅದರ ಭಾರವೇ ಪ್ರಾಣ ತೆಗೆಯಲು ಸಾಕು. ಹೀಗೆ ಸಿಲುಕುವವರು ಪತ್ರಿಕೆ ಹಂಚುವ ಹುಡುಗರು, ಹಾಲು ಹಾಕುವವರು, ಪಾಳಿ ಮುಗಿಸಿ ಮನೆಗೆ ಮರಳುವ ಕಾರ್ಮಿಕರು.

ಸವಾರನೂ ಎಚ್ಚರದಿಂದಿರಬೇಕು, ತಿರುಗುವ ಲಾರಿಯ ಎಡಕ್ಕೆ ನುಗ್ಗಬಾರದು ಎಂಬ ಮಾತು ನಿಜವೇ. ಆದರೆ ಅವನ ತಪ್ಪಿನಿಂದ ಲಾರಿಗೆ ಹಾನಿಯಿಲ್ಲ. ಲಾರಿಯ ತಪ್ಪಿನಿಂದ ಅವನಿಗೆ ಬದುಕೇ ಇಲ್ಲ. ಹೆಚ್ಚು ಹಾನಿ ಮಾಡಬಲ್ಲವನಿಗೆ ಹೆಚ್ಚು ಎಚ್ಚರದ ಹೊಣೆಯುಂಟು. 2022ರ ಜನವರಿಯಲ್ಲಿ ಪರಿಷ್ಕೃತವಾದ ಬ್ರಿಟನ್ನಿನ ರಸ್ತೆ ನಿಯಮಾವಳಿಯು ಇದೇ ತತ್ತ್ವವನ್ನು ಅಂಗೀಕರಿಸಿದೆ.

ಇಲ್ಲಿ ವ್ಯಾಪಾರಿಯು, “ಲಾರಿ ಓಡಿಸಿದವನು ಚಾಲಕ, ಲಾರಿ ಟ್ರಾನ್ಸ್‌ಪೋರ್ಟಿನವರದು, ನನ್ನದು ಸರಕು ಮಾತ್ರ” ಎನ್ನಬಹುದು. ಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಆಸ್ರವದ ಭೇದಗಳನ್ನು ಎಣಿಸುವಲ್ಲಿ ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವನನ್ನು ಅನುಮೋದಿಸಿದ್ದು ಎಂಬ ಮೂರನ್ನೂ ಸೇರಿಸಲಾಗಿದೆ. ಬೆಳಗಿನ ಎಂಟಕ್ಕೆ ಸರಕು ಗೋದಾಮಿಗೆ ಬಾರದಿದ್ದರೆ ಬಾಡಿಗೆ ಕಡಿತವೆಂದು ಹೇಳಿದವನು ಚಾಲಕನ ಅವಸರವನ್ನು ಮಾಡಿಸಿದವನಲ್ಲವೇ? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಮೇಲೆ ಮಿತಿಮೀರಿ ಹೇರುವುದು ದೋಷವಾದರೆ, ನಿದ್ದೆಗೆಟ್ಟ ಚಾಲಕನ ಮೇಲೆ ಮತ್ತೊಂದು ಟ್ರಿಪ್ ಹೇರುವುದೂ ದೋಷವೇ.

ದೇಶದ ಕಾನೂನೂ ಈ ವಿಚಾರದಲ್ಲಿ ದೂರವಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 194ನೆಯ ಕಲಮು ಮಿತಿಮೀರಿದ ಭಾರದ ವಾಹನವನ್ನು ಓಡಿಸಿದವನನ್ನಷ್ಟೇ ಅಲ್ಲ, ಓಡಿಸಲು ಕಾರಣನಾದವನನ್ನೂ ಅವಕಾಶ ಕೊಟ್ಟವನನ್ನೂ ದಂಡನೆಗೆ ಗುರಿಮಾಡುತ್ತದೆ. 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ. ಹೆಚ್ಚುವರಿ ಟನ್ನಿಗೆ ಮತ್ತೆ 2,000.

ಪರಿಹಾರವು ಅಸಾಧ್ಯವಲ್ಲ. 12 ಟನ್‌ಗಿಂತ ಭಾರವಾದ ಲಾರಿಗಳಿಗೆ ಲಂಡನ್ ನಗರವು, ಚಾಲಕನಿಗೆ ತನ್ನ ಆಸನದಿಂದ ಹೊರಗಡೆ ನೇರವಾಗಿ ಎಷ್ಟು ಕಾಣುತ್ತದೆಂಬುದನ್ನು ಅಳೆದು ಸೊನ್ನೆಯಿಂದ ಐದರವರೆಗೆ ನಕ್ಷತ್ರಗಳನ್ನು ಗೊತ್ತುಪಡಿಸಿದೆ. 2021ರ ಮಾರ್ಚಿನಿಂದ ಜಾರಿಯಲ್ಲಿರುವ ಈ ನಿಯಮವನ್ನು 2024ರ ಅಕ್ಟೋಬರಿನಲ್ಲಿ ಬಿಗಿಗೊಳಿಸಲಾಯಿತು. ಈಗ ಮೂರು ನಕ್ಷತ್ರಗಳಿಗಿಂತ ಕಡಿಮೆಯಿರುವ ಲಾರಿಯು ಸವಾರರನ್ನು ಗುರುತಿಸಿ ಎಚ್ಚರಿಸುವ ಸಾಧನಗಳನ್ನು ಅಳವಡಿಸಿಕೊಳ್ಳದೆ ಅಲ್ಲಿ ಸಂಚರಿಸುವಂತಿಲ್ಲ.

ಅಂತಹ ನಿಯಮಕ್ಕಾಗಿ ಕಾಯದೆ ಶ್ರಾವಕರು ಮಾಡಬಹುದಾದುದು ಬಹಳವಿದೆ. ಬಾಡಿಗೆ ಗೊತ್ತುಮಾಡುವಾಗಲೇ ಎಡಗನ್ನಡಿಗಳು ಸರಿಯಿರಬೇಕು, ಗಾಲಿಗಳ ನಡುವಿನ ಪಕ್ಕದ ತಡೆ ಮುರಿದಿರಬಾರದು, ಎಡಗಡೆ ನೋಡಲು ಕ್ಲೀನರ್ ಇರಬೇಕು ಎಂಬ ಷರತ್ತನ್ನು ಬರೆಯಿಸಬಹುದು. ಶಾಲೆಯ ವೇಳೆಯಲ್ಲಿ ಸರಕು ಇಳಿಸದಿರಬಹುದು. ತಡವಾದುದಕ್ಕೆ ಹಣ ಕಡಿಯುವ ಪದ್ಧತಿಯನ್ನು ಬಿಡಬಹುದು. ಬಸದಿಯ ಜೀರ್ಣೋದ್ಧಾರಕ್ಕೆ ಕಲ್ಲು, ಮರಳು ತರಿಸುವ ಟ್ರಸ್ಟುಗಳಿಗೂ ಈ ಕರ್ತವ್ಯ ಸಲ್ಲುತ್ತದೆ. ಧರ್ಮಕಾರ್ಯದ ಸರಕೆಂಬ ಕಾರಣಕ್ಕೆ ಪ್ರಮಾದವು ಧರ್ಮವಾಗದು.

ಇದಕ್ಕೆ ಸ್ವಲ್ಪ ಖರ್ಚು ಹೆಚ್ಚಾಗುವುದು ನಿಶ್ಚಯ. ಆದರೆ ಆ ಖರ್ಚನ್ನು ಉಳಿಸಿದ ವ್ಯಾಪಾರಿಯು ಅದನ್ನು ಲಾಭವೆಂದು ಬರೆದುಕೊಳ್ಳುವಂತಿಲ್ಲ. ಅದು ಮತ್ತೊಬ್ಬನ ಪ್ರಾಣವನ್ನು ಅಪಾಯಕ್ಕೊಡ್ಡಿ ಪಡೆದ ಸಾಲ. ಅಪಘಾತ ಸಂಭವಿಸದ ದಿನವೂ ಆ ಸಾಲವು ಅವನ ಹೆಸರಿನಲ್ಲಿಯೇ ನಿಂತಿರುತ್ತದೆ.