ನಿರ್ಜಲ ವ್ರತ ಮತ್ತು ಮೂತ್ರಪಿಂಡದ ಕಲ್ಲು

ಮೂತ್ರಪಿಂಡದಲ್ಲಿ ಒಮ್ಮೆ ಕಲ್ಲಾದವರು ಏಕಾದಶಿಯ ದಿನ ಗುಟುಕು ನೀರೂ ಮುಟ್ಟದೆ ಇರಬೇಕೇ? ಕೊಪ್ಪ ತಾಲ್ಲೂಕಿನ ಜಯಪುರದಂಥ ಕಡೆ, ಶೃಂಗೇರಿಯ ಮಗ್ಗುಲಲ್ಲೇ ಬದುಕುವ ಆಸ್ತಿಕರಿಗೆ ಇದು ಒಣ ತರ್ಕದ ಪ್ರಶ್ನೆಯಲ್ಲ. ಕುಡಿಯಬೇಕು, ಕುಡಿದರೆ ವ್ರತ ಕೆಡುವುದಿಲ್ಲ ಎಂಬುದು ನನ್ನ ವಾದ. ಇಷ್ಟು ಮಳೆ ಹೊಯ್ಯುವ ಮಲೆನಾಡಿನಲ್ಲಿ ಮೈ ಒಣಗುವುದೆಲ್ಲಿ ಎನ್ನುವವರಿದ್ದಾರೆ. ಆದರೆ ಆಷಾಢದ ಥಂಡಿಗೆ ಬಾಯಾರಿಕೆಯೇ ಗೊತ್ತಾಗದು. ಬೇಸಗೆಯಲ್ಲಿ ತೋಟದ ಕೆಲಸಕ್ಕೆ ಕುಡಿದದ್ದೆಲ್ಲ ಬೆವರಾಗಿ ಹೋಗುತ್ತದೆ. ಎರಡೂ ಕಾಲದಲ್ಲಿ ಮೂತ್ರ ಗಟ್ಟಿಯಾಗಿ, ಅದರಲ್ಲಿ ಕರಗಿರಬೇಕಾದ ಕ್ಯಾಲ್ಸಿಯಂ, ಆಕ್ಸಲೇಟ್‌ಗಳು ಹರಳುಗಟ್ಟುತ್ತವೆ. 1996ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಮೊದಲ ಸಲ ಕಲ್ಲಾದವರನ್ನು ಐದು ವರ್ಷ ಗಮನಿಸಲಾಯಿತು. ಧಾರಾಳವಾಗಿ ನೀರು ಕುಡಿದವರಲ್ಲಿ ಶೇ. 12 ಮಂದಿಗೆ ಕಲ್ಲು ಮರುಕಳಿಸಿತು, ಉಳಿದವರಲ್ಲಿ ಶೇ. 27 ಮಂದಿಗೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಿರಿ ಎಂದು ವೈದ್ಯರು ಹೇಳುವುದು ಇದಕ್ಕೇ. ಅಂದರೆ ಈ ರೋಗಿಗೆ ನೀರೇ ಔಷಧ.

ಮಹಾಭಾರತದ ಉದ್ಯೋಗಪರ್ವ ವ್ರತಕ್ಕೆ ಭಂಗ ತರದ ಎಂಟನ್ನು ಎಣಿಸುತ್ತದೆ. ಅದರಲ್ಲಿ ನೀರೂ ಇದೆ, ಔಷಧವೂ ಇದೆ. ನಿರ್ಜಲ ಏಕಾದಶಿಗೆ ನೀರಿನ ನಿಷೇಧವೇ ವಿಶೇಷ ನಿಯಮ, ಸಾಮಾನ್ಯ ವಿನಾಯಿತಿ ಅಲ್ಲಿ ಸಲ್ಲದು ಎಂದು ಆಕ್ಷೇಪಿಸಬಹುದು. ಆಕ್ಷೇಪ ತೂಕದ್ದೇ. ನೀರಿನ ವಿನಾಯಿತಿಯನ್ನು ಬಿಟ್ಟುಕೊಟ್ಟರೂ ಔಷಧದ್ದು ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ವ್ರತದ ಕಥೆಯನ್ನೇ ನೋಡಿ: ಹಸಿವು ತಡೆಯಲಾರದ ಭೀಮನಿಗೆ ವರ್ಷದ ಏಕಾದಶಿಗಳ ಫಲ ಒಂದೇ ದಿನದಲ್ಲಿ ಸಿಗಲೆಂದು ವ್ಯಾಸರು ಹೇಳಿದ ಉಪಾಯವದು. ಅತಿ ಕಠಿಣವೆನಿಸಿದ ಉಪವಾಸ ಹುಟ್ಟಿದ್ದೇ ಒಬ್ಬನ ದೇಹಪ್ರಕೃತಿಗೆ ಕೊಟ್ಟ ರಿಯಾಯಿತಿಯಾಗಿ! ವೃಕೋದರನ ಜಠರಾಗ್ನಿಗೆ ಸಂದ ಮನ್ನಣೆ ಕಲ್ಲಿನ ನೋವಿಗೆ ಏಕೆ ಸಲ್ಲಬಾರದು?

ಒಂದು ದಿನ ನೀರು ಬಿಟ್ಟ ಮಾತ್ರಕ್ಕೆ ಕಲ್ಲಾಗುವುದಿಲ್ಲ ಎಂಬುದು ಆರೋಗ್ಯವಂತರ ಮಟ್ಟಿಗೆ ಸರಿ. ಆದರೆ ಹಿಂದೆ ಕಲ್ಲಾದವರ ಮೂತ್ರದಲ್ಲಿ ಹರಳು ಕಟ್ಟುವ ಒಲವು ಮೊದಲೇ ಇರುತ್ತದೆ. ತಿಂಗಳಿಗೆರಡು ಬಾರಿ ಅದನ್ನು ಬೇಕೆಂದೇ ಕೆಣಕುವುದು ಯಾವ ಸಾಧನೆ? ನೋವು ತಿಂದಷ್ಟೂ ಪುಣ್ಯ ಎಂಬ ಮಾತನ್ನಂತೂ ನಾನು ಒಪ್ಪಲಾರೆ. ಶಾಸ್ತ್ರ ಹೇಳದ ಘೋರ ತಪಸ್ಸಿನಿಂದ ಶರೀರವನ್ನು ಕೃಶಗೊಳಿಸುವುದನ್ನು ಗೀತೆಯ ಹದಿನೇಳನೆಯ ಅಧ್ಯಾಯ ಆಸುರೀ ನಿಶ್ಚಯವೆಂದೇ ಕರೆದಿದೆ. ಅನ್ನ ಬಿಟ್ಟು, ಜಪ-ಜಾಗರಣೆ ಮಾಡಿ, ನೀರು ಕುಡಿದವರ ನಿಷ್ಠೆಗೆ ಯಾವ ಕೊರತೆಯೂ ಇಲ್ಲ.

ಇನ್ನು ಬಾಳೆದಿಂಡು, ಹುರುಳಿಕಟ್ಟು, ಕಾಡುಬಸಳೆ ಎಂದು ಮನೆಮದ್ದಿನಲ್ಲೇ ದಿನ ದೂಡುವವರಿಗೂ ಒಂದು ಮಾತು. ಅಶ್ಮರಿಯನ್ನು, ಅಂದರೆ ಮೂತ್ರದ ಕಲ್ಲನ್ನು, ಎಂಟು ಮಹಾರೋಗಗಳಲ್ಲಿ ಸೇರಿಸಿದವನು ಸುಶ್ರುತ. ಮದ್ದಿಗೆ ಬಗ್ಗದಿದ್ದಾಗ ಶಸ್ತ್ರವನ್ನೇ ಹೇಳಿದವನೂ ಅವನೇ. ಐದು ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಬಹುಪಾಲು ತಾನಾಗಿ ಇಳಿದುಹೋಗುತ್ತದೆ. ಆದರೆ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ದ್ವಾದಶಿಯ ಪಾರಣೆಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು.