ಕೊನೆಯ ದಾಸೋಹ ಸಾಲದ್ದಾಗದಿರಲಿ



ರಾಶಿ ಮುಗಿದು ಜೋಳ ಮನೆಗೆ ಬಂದಾಗ ರೈತನು ಬೀಜದ ಜೋಳವನ್ನು ಬೇರೆ ತೆಗೆದಿಡುತ್ತಾನೆ. ಬರಗಾಲ ಬಂದರೂ, ಹಗೇವು ಬರಿದಾದರೂ ಅದಕ್ಕೆ ಕೈ ಹಚ್ಚುವುದಿಲ್ಲ. ವ್ಯಾಪಾರಸ್ಥನು ದೀಪಾವಳಿಗೆ ಲೆಕ್ಕ ಮುಗಿಸುವಾಗ ಕೊಡಬೇಕಾದ ಹಣವನ್ನು ಮೊದಲು ಬದಿಗಿಟ್ಟು, ಉಳಿದದ್ದನ್ನಷ್ಟೇ ಲಾಭವೆನ್ನುತ್ತಾನೆ. ಇಷ್ಟು ಲೆಕ್ಕ ಬಲ್ಲ ನಾವು, ತಪ್ಪದೇ ಬರುವ ಒಂದು ಖರ್ಚನ್ನು ಮಾತ್ರ ಯಾವ ವಹಿಯಲ್ಲೂ ಬರೆಯುವುದಿಲ್ಲ. ಅದು ನಮ್ಮದೇ ಅಂತ್ಯಕ್ರಿಯೆಯ ಖರ್ಚು.

“ಬದುಕಿರುವಾಗಲೇ ಆ ಮಾತೇಕೆ, ಅಪಶಕುನ” ಎಂದು ಮನೆಯವರು ಬಾಯಿ ಮುಚ್ಚಿಸುತ್ತಾರೆ. ಲಿಂಗವಂತರಿಗೆ ಈ ಅಂಜಿಕೆ ಸಲ್ಲದು. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ಪ್ರೇತಸೂತಕವೂ ಒಂದು. ನಾವು “ಸತ್ತರು” ಎನ್ನದೆ “ಲಿಂಗೈಕ್ಯರಾದರು” ಎನ್ನುತ್ತೇವೆ. ಐಕ್ಯವೆಂದು ನಂಬಿದ ಮೇಲೆ ಅದಕ್ಕೆ ಸಿದ್ಧರಾಗಲು ನಾಚಿಕೆಯೇಕೆ?

ನಮ್ಮ ಕ್ರಿಯೆ ಸರಳವಾದದ್ದು. ದೇಹಕ್ಕೆ ವಿಭೂತಿ ಧರಿಸಿ, ಕುಳ್ಳಿರಿಸಿ, ವಿಮಾನದಲ್ಲಿ ಭಜನೆಯೊಡನೆ ಕೊಂಡೊಯ್ದು, ಕರಸ್ಥಲದಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಸಮಾಧಿ ಮಾಡುತ್ತೇವೆ. ಕಟ್ಟಿಗೆಯ ಖರ್ಚೂ ಇಲ್ಲ. ಭಾರವಾಗುವುದು ನಾವು ಸೇರಿಸಿಕೊಂಡದ್ದು: ವಾದ್ಯದ ತಂಡ, ಗಾಡಿಗಳ ಬಾಡಿಗೆ, ಪತ್ರಿಕೆಯ ಜಾಹೀರಾತು, ಶಿವಗಣಾರಾಧನೆಗೆ ಮೂರು ಊರಿನ ಊಟ. ಸಮಾಧಿ ಬಹುತೇಕ ಅದೇ ದಿನ ಆಗಬೇಕು. ದುಃಖದಲ್ಲಿರುವ ಮಗನಿಗೆ ಮಾತು ಹೊರಡುವುದಿಲ್ಲ. ನೆರೆದವರಲ್ಲಿ ಯಾರ ದನಿ ದೊಡ್ಡದೋ ಅವರೇ ನಿರ್ಧರಿಸುತ್ತಾರೆ. “ಅಪ್ಪ ನಿನಗೇನು ಕಡಿಮೆ ಮಾಡಿದ್ದ?” ಎಂಬ ಒಂದೇ ಮಾತಿಗೆ ಮಗ ಬಡ್ಡಿಯವನ ಮನೆಗೆ ಹೋಗುತ್ತಾನೆ.

ಇಲ್ಲಿ ನಾವು ಧರ್ಮದ ಲೆಕ್ಕವನ್ನೇ ಕೇಳಬೇಕಾಗಿದೆ. ಬಸವಣ್ಣನವರು ತೋರಿದ ದಾರಿಯಲ್ಲಿ ಮೊದಲು ಕಾಯಕ, ಆಮೇಲೆ ದಾಸೋಹ. ದುಡಿದು ಗಳಿಸಿದ್ದನ್ನು ಅರ್ಪಿಸಿದರೆ ದಾಸೋಹ. ತಂದೆಯ ಹೆಸರಿನಲ್ಲಿ ಮಗ ಸಾಲ ತಂದು ಬಡಿಸಿದ್ದು, ಮುಂದಿನ ಸುಗ್ಗಿಯಲ್ಲಿ ಮೊಮ್ಮಕ್ಕಳ ತುತ್ತಿನಿಂದ ಮುರಿದುಕೊಳ್ಳುವ ಅನ್ನ. ತನ್ನ ಕೊನೆಯ ದಾಸೋಹವನ್ನು ತನ್ನ ಗಳಿಕೆಯಲ್ಲೇ, ಎಷ್ಟು ಸಾಧ್ಯವೋ ಅಷ್ಟೇ ಮಾಡಿಸಿಕೊಂಡವನು ಮಕ್ಕಳಿಗೆ ಉಪಕಾರ ಮಾಡಿದಂತೆ. ಹತ್ತು ಜನರಿಗೆ ಬಡಿಸಿದರೂ ಅದು ದಾಸೋಹವೇ.

ಸೊಲ್ಲಾಪುರದ ಕಡೆಯ ನಮಗೆ ಸಿದ್ಧರಾಮೇಶ್ವರರ ದಾರಿ ದೂರವೇನಲ್ಲ. 12ನೇ ಶತಮಾನದಲ್ಲಿ ಅವರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು. ಅವರ ಸಮಾಧಿಯೂ ಅಲ್ಲಿನ ದೇವಸ್ಥಾನದ ಆವರಣದಲ್ಲಿದೆ. ಮುಂದೆ ಬರುವವರ ನೀರಡಿಕೆಗೆ ಮೊದಲೇ ನೀರು ಕೂಡಿಟ್ಟ ಕಾಯಕ ಅದು. ಬೆಂಕಿ ಬಿದ್ದಾಗ ಬಾವಿ ತೋಡುವುದು ಅವರ ನಾಡಿನವರಿಗೆ ಒಪ್ಪುವ ಮಾತಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಪತಿ ಪತ್ನಿಯರು ಮಕ್ಕಳನ್ನು ಕೂಡಿಸಿ, ಏನೇನು ಬೇಕು, ಏನು ಬೇಡ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿರಿ. ಆ ಹಾಳೆ ಮಗನಿಗೆ ಜನರೆದುರು ಗುರಾಣಿಯಾಗುತ್ತದೆ.

ಎರಡನೆಯದು, ಪ್ರತಿ ಸುಗ್ಗಿಗೆ ಸ್ವಲ್ಪ ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡಿರಿ. ಒಬ್ಬರ ಹೆಸರಿನಲ್ಲೇ ಇಟ್ಟರೆ ಮರಣದ ದಾಖಲೆ ತೋರಿಸುವವರೆಗೆ ಕೈಗೆ ಬಾರದು. ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಖಾತೆ ಒಳ್ಳೆಯದು. ನಾಮಿನಿಯನ್ನೂ ಬರೆಯಿಸಿರಿ, 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹೆಸರಿಸಬಹುದು. ಮೊದಲ ದಿನದ ಖರ್ಚಿನಷ್ಟು ನಗದು ಮನೆಯಲ್ಲಿರಲಿ. ಹೆಚ್ಚಿನ ಬಡ್ಡಿಯ ಆಸೆಗೆ ಬಾಯಿಮಾತಿನ ಚೀಟಿಗೆ ಹಾಕಬೇಡಿರಿ. ಮಠಕ್ಕೇ ಕೊಟ್ಟರೂ ರಸೀದಿ ಕೇಳಿ ಪಡೆಯಿರಿ, ಕೇಳುವುದು ಅವಿನಯವಲ್ಲ.

ಮೂರನೆಯದು, ಜಾಗ. ಹೊಲದಲ್ಲೇ ಸಮಾಧಿ ಮಾಡುವ ಮನೆಗಳು ಬಹಳ. ಹೊಲ ಪಾಲಾದ ಮೇಲೆ ತಂದೆಯ ಸಮಾಧಿ ಅಣ್ಣನ ಪಾಲಿಗೆ, ತಮ್ಮನಿಗೆ ಪೂಜೆಗೆ ಹೋಗಲು ದಾರಿಯಿಲ್ಲ ಎಂಬ ಜಗಳ ಬೇಡ. ಜಾಗವನ್ನೂ ದಾರಿಯನ್ನೂ ಇರುವಾಗಲೇ ಗೊತ್ತುಪಡಿಸಿ, ವಾಟಣಿ ಪತ್ರದಲ್ಲಿ ಬರೆಯಿಸಿರಿ. ಊರ ರುದ್ರಭೂಮಿಯಿದ್ದರೆ ಅದೇ ಲೇಸು.

ನಾಲ್ಕನೆಯದು, ಕಾಗದಪತ್ರ. ಗಡಿಭಾಗದ ನಮ್ಮ ಹೆಸರುಗಳು ಸಾತ್‌ಬಾರಾದಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಬಗೆಯಾಗಿರುತ್ತವೆ. ಹೆಸರಿನವರು ಇರುವಾಗ ತಿದ್ದಿಸುವುದು ಸುಲಭ, ಆಮೇಲೆ ಅಲೆದಾಟ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬುದನ್ನೂ ಮಕ್ಕಳಿಗೆ ಹೇಳಿಡಿರಿ.

ಭಕ್ತರೇ, ಅಳುವ ದಿನ ಮಕ್ಕಳು ಅಳಲಿ. ಅಂದು ದುಡ್ಡು ಎಣಿಸುವ ಪಾಡು ಅವರಿಗೆ ಬಾರದಿರಲಿ. ಈ ಸಲದ ರಾಶಿಯಲ್ಲಿ ಬೀಜದ ಚೀಲದ ಪಕ್ಕಕ್ಕೆ ಈ ಲೆಕ್ಕವನ್ನೂ ಇಡೋಣ.